ಕವಳೆಬೆಟ್ಟದ ನಿದ್ದೆಗೆಟ್ಟಮ್ಮ

ಪೂರ್ವಕಾಲದಲ್ಲಿ, ದೈತ್ಯರ ಉಪಟಳದಿಂದ ಮುನಿಗಳ ಆಶ್ರಮಗಳೆಲ್ಲ ಶೂನ್ಯವಾಗಿದ್ದ ಯುಗದಲ್ಲಿ, ತ್ರಿಲೋಕಜನನಿಯಾದ ಮಹಾದೇವಿಯು ಆ ದುಷ್ಟರನ್ನು ಸಂಹರಿಸಿ, ರಕ್ತಸಿಕ್ತವಾದ ಆಯುಧಗಳನ್ನು ತೊಳೆಯಲೂ ತ್ರಾಣವಿಲ್ಲದೆ, ಈ ಗಿರಿಶಿಖರದ ಕವಳೆಯ ಪೊದೆಯೊಂದರ ನೆರಳಿನಲ್ಲಿ ಸಾಮಾನ್ಯ ಸ್ತ್ರೀಯಂತೆ ಕುಳಿತಳು. ದೇವತೆಗಳು ಹೂಮಳೆಗರೆದರು, ಮುನಿಗಳು ಸ್ತೋತ್ರಗೈದು ವರಗಳನ್ನು ಬೇಡಿಕೊಂಡು ಹೋದರು. ಊಟವಾಯಿತೇ ತಾಯಿ ಎಂದು ಕೇಳಿದವರು ಒಬ್ಬರೂ ಇಲ್ಲ. ಹೂಮಳೆಯಿಂದ ಹೊಟ್ಟೆ ತುಂಬೀತೆ? ಬೇಡುವವರ ಬುದ್ಧಿ ಅಂದಿಗೂ ಇಂದಿಗೂ ಒಂದೇ ಎಂಬುದು, ಈ ಗುಡಿಯಲ್ಲಿ ಆರತಿ ಎತ್ತಿ ಎತ್ತಿ ತೋಳು ಸೋತ ಅರ್ಚಕನಾದ ನನ್ನ ಅನುಭವ.

ಅದೇ ಸಮಯದಲ್ಲಿ, ಬೆಟ್ಟದ ಬುಡದ ಹಟ್ಟಿಯಲ್ಲಿ ಜ್ವರಪೀಡಿತನಾಗಿ ಅನ್ನನೀರು ಬಿಟ್ಟು ಮಲಗಿದ್ದ ಗೊಲ್ಲರ ಜುಂಜಣ್ಣನು ಕವಳೆಹಣ್ಣಿಗಾಗಿ ಹಂಬಲಿಸಲು, ಅವನ ಶುಶ್ರೂಷೆಯಲ್ಲಿ ನಿದ್ದೆಯನ್ನೇ ಮರೆತಿದ್ದ ಪತ್ನಿ ಕಾಟಮ್ಮನು ಅವನನ್ನು ನೆರೆಯವರಿಗೆ ಒಪ್ಪಿಸಿ ಬೆಟ್ಟ ಹತ್ತಿ, ಮುಳ್ಳಿನಲ್ಲಿ ಕೈ ಪರಚಿಸಿಕೊಂಡು ಮಡಿಲು ತುಂಬ ಹಣ್ಣು ಕಿತ್ತಳು. ಮರಳುವಾಗ ದೇವಿಯನ್ನು ಕಂಡು, ಯಾರೆಂದರಿಯದೆ, "ಯಾರವ್ವಾ ನೀನು? ಮೊಕ ಬಾಡೈತಲ್ಲ, ಉಂಡಿಲ್ವಾ? ತಗಾ, ತಿನ್ನು" ಎಂದು ಮಡಿಲು ಬಿಚ್ಚಿದಳು. ಹಸಿದಿದ್ದ ಜಗದಂಬೆ ಒಂದನ್ನೂ ಉಳಿಸಲಿಲ್ಲ. "ಚಣ ಕುಂತು ಮತ್ತೆ ಕಿತ್ಕಂತೀನಿ" ಎಂದು ಪಕ್ಕದಲ್ಲಿ ಕುಳಿತ ಕಾಟಮ್ಮನು ನಿದ್ರಾವಶಳಾದಳು. ಅವಳ ಭುಜಕ್ಕೊರಗಿ ದೇವಿಯೂ ನಿದ್ರಿಸಿದಳು.

ಎಚ್ಚರವಾದಾಗ ಹಟ್ಟಿಯಿಂದ ಅಳು ಕೇಳಿಬರುತ್ತಿತ್ತು. ಜುಂಜಣ್ಣ ತೀರಿಹೋಗಿದ್ದ. ನಿಜರೂಪ ತೋರಿದ ದೇವಿಯ ಪಾದಗಳನ್ನು ಹಿಡಿದು ಕಾಟಮ್ಮನು, "ದ್ಯಾವ್ರಾಗಿ ನೀನೂ ಮಲಿಕ್ಕಂಡ್ಯಲ್ಲವ್ವಾ!" ಎಂದು ಗೋಳಿಟ್ಟಳು. ಆಗ ಶ್ರೀದೇವಿಯು ತಲೆತಗ್ಗಿಸಿ ನುಡಿದಳು: "ಮಗಳೇ, ಹೋದ ಪ್ರಾಣವನ್ನು ಕರೆತರುವ ಅಧಿಕಾರ ನನಗಿಲ್ಲ. ದಣಿದಿದ್ದೆ, ಮಲಗಿಬಿಟ್ಟೆ. ಇನ್ನು ಈ ಬೆಟ್ಟದಲ್ಲಿ ನಾನು ಕಣ್ಣು ಮುಚ್ಚೆನು; ರೋಗಿಯ ಪಾಲಿನ ಹಣ್ಣನ್ನು ಮುಟ್ಟೆನು. ಕಾಯಿಲೆಯವರ ತಲೆದೆಸೆಯಲ್ಲಿ ಎಚ್ಚರವಿರುವವಳ ಜೊತೆ ನಾನೂ ಎಚ್ಚರವಿರುವೆನು."

ಆ ತಾಯಿಯೇ ಪೊದೆಯ ಬುಡದಲ್ಲಿ, ರೆಪ್ಪೆಯಿಲ್ಲದ ಕಣ್ಣುಗಳ ಶಿಲೆಯಾಗಿ, ನಿದ್ದೆಗೆಟ್ಟಮ್ಮನೆಂಬ ಹೆಸರಿನಿಂದ ಇಂದಿಗೂ ದರ್ಶನವೀಯುತ್ತಿದ್ದಾಳೆ. ಗುಡಿಗೆ ಬಾಗಿಲಿಲ್ಲ, ಶಯನಸೇವೆಯಿಲ್ಲ. ವೈಶಾಖದಲ್ಲಿ ಹಣ್ಣು ಕಪ್ಪಾದಾಗ ಮೊದಲ ಬುಟ್ಟಿ ನೈವೇದ್ಯಕ್ಕೆ ಬಾರದೆ, ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುತ್ತದೆ. ಭಕ್ತರೇ, ನಿಮ್ಮ ಮನೆಯಲ್ಲಿ ಯಾರಾದರೂ ಮಲಗಿದ್ದರೆ ದರ್ಶನದ ಸಾಲಿನಲ್ಲಿ ನಿಲ್ಲಬೇಡಿ. ಒಂದು ಹಿಡಿ ಹಣ್ಣು ಕಿತ್ತುಕೊಂಡು ಬೇಗ ಇಳಿದುಹೋಗಿ. ತಾಯಿ ಬೇಸರಪಡುವುದಿಲ್ಲ.