ಮಗ್ಗದ ಗುಂಡಿಗೆ ಬಂದ ಊಟ

ಮಠದಲ್ಲಿ ಓಲೆಗರಿ ಬರೆಯುವವರ ಮೇಲ್ವಿಚಾರಣೆ ಹೊತ್ತಿದ್ದ ಶಿಷ್ಯ ಗುರುಗಳ ಬಳಿಗೆ ಬಂದು ಕೇಳಿದ: "ಗುರುಗಳೇ, ಬರೆಯುವವರು ಊಟಕ್ಕೆಂದು ಎದ್ದು, ಕೆರೆಗೆ ಹೋಗಿ ಕೈಕಾಲು ತೊಳೆದು, ಉಂಡು ಬರುವಷ್ಟರಲ್ಲಿ ಹೊತ್ತು ಇಳಿದಿರುತ್ತದೆ. ಪಾಪ, ಬಿಸಿಲಲ್ಲಿ ಅಷ್ಟು ದೂರ ನಡೆಯುತ್ತಾರೆ. ಊಟವನ್ನು ಅವರು ಕೂತಲ್ಲಿಗೇ ಕಳಿಸಲೇ? ದಿನಕ್ಕೊಂದು ಸಿಹಿಯನ್ನೂ ಮಾಡಿಸುತ್ತೇನೆ. ಇದರಲ್ಲಿ ತಪ್ಪೇನಿದೆ?"

"ಕೂತುಕೋ," ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ. ಅವನ ಗಾಡಿ ಎತ್ತುಗಳನ್ನು ಕಂಡರೆ ಊರೇ ಮೆಚ್ಚುತ್ತಿತ್ತು. ಮನೆಯ ಹಿಂದೆ ಹನ್ನೆರಡು ಮಗ್ಗಗಳಿದ್ದವು. ನೆಲದಲ್ಲಿ ಗುಂಡಿ ತೋಡಿ ಹೂಡಿದ ಮಗ್ಗಗಳು. ನೇಕಾರ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು, ಹಲಗೆ ತುಳಿಯುತ್ತಾ ನೇಯಬೇಕು. ಆದರೆ ಅಲ್ಲಿ ಯಾವ ನೇಕಾರನೂ ಇಡೀ ದಿನ ಗುಂಡಿಯಲ್ಲಿ ಇರುತ್ತಿರಲಿಲ್ಲ. ಬೆಳಗ್ಗೆ ಬೀದಿಯುದ್ದಕ್ಕೂ ಹಾಸಿನ ನೂಲು ಎಳೆದು ಕಟ್ಟಿ, ಅದಕ್ಕೆ ಗಂಜಿ ಸವರುತ್ತಾ ಈ ತುದಿಯಿಂದ ಆ ತುದಿಗೆ ಹತ್ತಾರು ಸಲ ನಡೆಯುತ್ತಿದ್ದ. ನೂಲು ಒಣಗಿದ ಮೇಲೆ ಮಗ್ಗಕ್ಕೆ ಇಳಿಯುತ್ತಿದ್ದ. ಮಧ್ಯಾಹ್ನ ಎದ್ದು ಮನೆಗೆ ಹೋಗಿ ಮುದ್ದೆ, ಸೊಪ್ಪಿನ ಸಾರು ಉಂಡು ಬರುತ್ತಿದ್ದ.

ಹನ್ನೆರಡು ಜನರಲ್ಲಿ ಒಬ್ಬನ ಕೈ ಬಲು ಚುರುಕು. ವ್ಯಾಪಾರಿಗೆ ಅವನ ಮೇಲೆ ಪ್ರೀತಿ. ಆ ಪ್ರೀತಿಯೇ ಅವನಿಗೆ ಮುಳುವಾಯಿತು.

"ಇನ್ನು ನೀನು ಬೀದಿಗೆ ಇಳಿಯಬೇಡಪ್ಪ. ಗಂಜಿ ಹಾಕೋಕೆ ಬೇರೆ ಆಳು ಇಟ್ಟಿದ್ದೀನಿ. ಊಟ ನಮ್ಮನೆಯಿಂದ ಇಲ್ಲಿಗೇ ಬರುತ್ತೆ. ನೀನು ಕೂತಿದ್ದರೆ ಸಾಕು," ಎಂದ ವ್ಯಾಪಾರಿ.

"ನಿಮ್ಮದು ದೊಡ್ಡ ಮನಸ್ಸು ಧಣಿ," ಎಂದ ನೇಕಾರ.

ಊಟ ಗುಂಡಿಗೇ ಬಂತು. ತುಪ್ಪ ಸುರಿದ ಅನ್ನ, ಕರಿದ ತಿಂಡಿ, ಹೋಳಿಗೆ. ನೇಕಾರ ಒಂದು ಕೈಯಲ್ಲಿ ನೂಲಿನ ಲಾಳಿ ಹಿಡಿದೇ ಉಂಡ. ಉಳಿದ ಹನ್ನೊಂದು ಜನ ಹೊಟ್ಟೆಕಿಚ್ಚು ಪಟ್ಟರು. ಅವರಿಗೂ ಬುದ್ಧಿ ಅಷ್ಟೇ. ನೇಕಾರನ ಹೆಂಡತಿ ಮಾತ್ರ, ಮಧ್ಯಾಹ್ನ ಒಂದು ಗಳಿಗೆ ಮನೆಗೆ ಬಂದು ಹೋಗಿ ಎಂದು ಕರೆದಳು. ಧಣಿ ಮನೆಯ ಹೋಳಿಗೆ ಬಿಟ್ಟು ನಿನ್ನ ಮುದ್ದೆಗೆ ಬರಬೇಕೇನೇ ಎಂದು ಅವನು ನಕ್ಕ. ಅವಳಿಗೆ ನೋವಾಯಿತು. ಮತ್ತೆ ಕರೆಯಲಿಲ್ಲ.

ಮೂರು ವರ್ಷ ಕಳೆಯಿತು. ನೇಕಾರನ ಹೊಟ್ಟೆ ಮಗ್ಗದ ಮರಕ್ಕೆ ತಾಗಿತು. ಮೈಕೈ ತುಂಬಿಕೊಂಡಿದ್ದಾನೆ ಎಂದು ವ್ಯಾಪಾರಿ ಸಂತೋಷಪಟ್ಟು, ಆ ಮರವನ್ನೇ ಒಂದು ಗೇಣು ಆಚೆಗೆ ಸರಿಸಿಕೊಟ್ಟ. ಕಾಲು ಜೋಮು ಹಿಡಿಯತೊಡಗಿತು. ನೇಕಾರ ಯಾರಿಗೂ ಹೇಳಲಿಲ್ಲ. ಒಂದು ದಿನ ತುಳಿಯುವ ಹಲಗೆಯ ಮೊಳೆ ಅವನ ಅಂಗಾಲಿಗೆ ಹೊಕ್ಕಿತು. ಅವನಿಗೆ ಗೊತ್ತೇ ಆಗಲಿಲ್ಲ. ಎಷ್ಟೋ ದಿನ ಅದೇ ಕಾಲಿನಲ್ಲಿ ತುಳಿದ, ರಾತ್ರಿಯೂ ಮನೆಗೆ ಹೋಗದೆ ಮಗ್ಗದ ಪಕ್ಕದಲ್ಲೇ ಮಲಗಿದ. ಗುಂಡಿಯಿಂದ ನಾತ ಬಂದಾಗ ಪಕ್ಕದ ಮಗ್ಗದವರು ಇಲಿ ಸತ್ತಿರಬೇಕು ಎಂದುಕೊಂಡರು. ಕೊನೆಗೆ ಅವನನ್ನು ಮೇಲಕ್ಕೆತ್ತಿ ನೋಡಿದರೆ ಪಾದ ಕಪ್ಪಾಗಿತ್ತು. ವೈದ್ಯ ಮೊಣಕಾಲಿನ ಕೆಳಗೆ ಕತ್ತರಿಸಿದ. ಏನೂ ಪ್ರಯೋಜನವಾಗಲಿಲ್ಲ. ಏಳನೆಯ ದಿನ ನೇಕಾರ ಸತ್ತ.

ವ್ಯಾಪಾರಿ ಅಳುತ್ತಾ ಅವನ ಮನೆಗೆ ಬಂದ. "ನಾನು ಅವನಿಗೆ ಏನು ಕಡಿಮೆ ಮಾಡಿದ್ದೆನಮ್ಮಾ?" ಎಂದ. ಅವನ ಅಳು ಸುಳ್ಳಲ್ಲ.

ನೇಕಾರನ ಹೆಂಡತಿ ಕೇಳಿದಳು: "ಧಣಿ, ನಿಮ್ಮ ಎತ್ತಿಗೆ ನೊಗದಲ್ಲೇ ಮೇವು ಹಾಕ್ತೀರಾ?"

"ಎಲ್ಲಾದರೂ ಉಂಟೇ? ಕೊರಳ ನೊಗ ಬಿಚ್ಚಬೇಕು, ಅಡ್ಡಾಡಿಸಬೇಕು, ಆಮೇಲೆ ಹುಲ್ಲು. ಇಲ್ಲದಿದ್ದರೆ ಎತ್ತು ಕೆಟ್ಟುಹೋಗುತ್ತೆ..."

ಅವಳು ಮತ್ತೇನೂ ಕೇಳದೆ ಒಳಗೆ ಹೋದಳು. ಮರುದಿನ ಆ ಗುಂಡಿಗೆ ಇಳಿಯಲು ಯಾವ ನೇಕಾರನೂ ಒಪ್ಪಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಎತ್ತಿಗೆ ತೋರಿಸಿದ ಕನಿಕರ ಮನುಷ್ಯನಿಗಿಲ್ಲವೇ? ಎಂಥ ಕಟುಕ ಆ ವ್ಯಾಪಾರಿ!" ಎಂದ.

"ಕಟುಕನಲ್ಲಪ್ಪ, ನಿನ್ನಷ್ಟೇ ಕನಿಕರ ಇದ್ದವನು," ಎಂದರು ಗುರುಗಳು.

ಆ ಮಧ್ಯಾಹ್ನ ಶಿಷ್ಯ ತಾನೇ ಹೋಗಿ, ಬರೆಯುವವರನ್ನು ಎಬ್ಬಿಸಿ ಕೆರೆಯ ಕಡೆಗೆ ಕಳಿಸಿದ.