ಪೊಟರೆಯ ರಿಪೇರಿ ಖರ್ಚು

ವಲಸೆ ಹಕ್ಕಿಗಳಿಗೆ ದಿನದ ಬಾಡಿಗೆಗೆ ಕೊಡಲೆಂದು ಮರಕುಟಿಗ ಹಕ್ಕಿ ಮಾವು, ಹಲಸು, ಆಲ ಮೂರರಲ್ಲೂ ಪೊಟರೆ ಕೊರೆದಿತ್ತು. ಕಾಡಿನ ತೆರಿಗೆ ಅಧಿಕಾರಿ ಮುಳ್ಳುಹಂದಿ ಬಂದು ವರಮಾನ ಕೇಳಿದಾಗ ಮಾತ್ರ, "ಮಾವಿನದೊಂದೇ ಸ್ವಾಮಿ, ಹೊಟ್ಟೆಪಾಡಿಗೆ" ಎಂದು ರೆಕ್ಕೆ ಜೋಡಿಸಿತು.

"ಸರಿ. ರಿಪೇರಿ ಖರ್ಚಿದ್ದರೆ ಹೇಳಿ, ಕಳೆಯೋಣ."

ಕಳೆಯುವ ಮಾತು ಕೇಳಿದ್ದೇ ತಡ, ಮರಕುಟಿಗ ಹಕ್ಕಿಗೆ ಹುರುಪು ಬಂತು. "ಇಲ್ಲದೆ ಏನು! ಹಲಸಿನ ಪೊಟರೆಯ ಅಂಟು ಕೆರೆದು ಕೆರೆದು ಕೊಕ್ಕೇ ಸವೆಯಿತು. ಆಲದ್ದಕ್ಕೆ ಗೆದ್ದಲು ಹಿಡಿದು ಒಳಗೆಲ್ಲ ಹೊಸದಾಗಿ ಕೆತ್ತಬೇಕಾಯಿತು."

"ಮಾವಿನದಕ್ಕೆ?"

"ಅದು ಗಟ್ಟಿಯಾಗಿದೆ, ಖರ್ಚಿಲ್ಲ."

"ಬರೆದುಕೊಂಡೆ," ಎಂದಿತು ಮುಳ್ಳುಹಂದಿ. "ದಂಡದ ಮಾತು ಆಮೇಲೆ. ಈಗ ಹಲಸಿನ ಬಾಡಿಗೆ ಹೇಳಿ, ಹಾಗೇ ಆಲದ್ದೂ."