ಪಾಳೆಯಗಾರ ಪ್ರೇಮಶಾಸ್ತ್ರ ಕಲಿತದ್ದು

ಪಾಳೆಯಗಾರ ಸಿಂಗಪ್ಪನಾಯಕನಿಗೆ ಮದುವೆಯಾಗಿ ತಿಂಗಳಾದರೂ ಹೆಂಡತಿ ಬಂಗಾರವ್ವ ಅವನೊಡನೆ ಒಂದು ಮಾತೂ ಆಡಿರಲಿಲ್ಲ. ಆಡುವುದಾದರೂ ಹೇಗೆ? ದಂಡಿಗೆ ಅಪ್ಪಣೆ ಕೊಟ್ಟಂತೆಯೇ ಅವಳಿಗೂ ಕೊಡುತ್ತಿದ್ದ.

ಒಂದು ಬೆಳಿಗ್ಗೆ ಓಲೆಗರಿ ಕಾಯುವ ಗುಮಾಸ್ತನನ್ನು ಕರೆಸಿದ. "ಪ್ರೇಮದ ಮೇಲೆ ಸಂಸ್ಕೃತದ ಹಳೇ ಶಾಸ್ತ್ರ ನಿನ್ನ ಹತ್ತಿರ ಇದೆಯಂತಲ್ಲ. ಹೆಣ್ಣು ಒಲಿಯುವ ಗುಟ್ಟು ಕಡೆಯ ಓಲೆಗಳಲ್ಲಿರುತ್ತೆ. ಅಷ್ಟೇ ಓದು. ತಪ್ಪಿದರೆ ತಲೆ ಉಳಿಯಲ್ಲ."

ಆ ಶಾಸ್ತ್ರದ ಓಲೆಗಳಿಗೆ ಹುಳ ಹಿಡಿಯದಂತೆ ವರ್ಷಕ್ಕೊಮ್ಮೆ ಸವರುವ ಎಣ್ಣೆಯನ್ನು ಗುಮಾಸ್ತ ಮರೆತಿದ್ದ. ಕಡೆಯವನ್ನು ಗೆದ್ದಲು ತಿಂದು ಪುಡಿ ಮಾತ್ರ ಉಳಿಸಿತ್ತು.

"ಬುದ್ಧೀ, ಶಾಸ್ತ್ರವನ್ನು ಹಾರಿಸಿ ಓದಬಾರದು. ಒಂದು ಓಲೆ ಹೇಳಿದ್ದನ್ನು ಮಾಡಿ ಮುಗಿಸಿದ ಮೇಲೆಯೇ ಇನ್ನೊಂದು," ಎಂದ.

ಮೊದಲ ಓಲೆ ದಿನಾ ಸ್ನಾನ ಮಾಡು ಎಂದಿತು. ನಾಯಕ ಗೊಣಗುತ್ತಲೇ ಮಿಂದ. ಆಮೇಲೆ ಬಂದವು ಅರವತ್ತನಾಲ್ಕು ಕಲೆಗಳು. ಕತ್ತಿ ಹಿಡಿದ ಕೈ ಮಲ್ಲಿಗೆ ಕಟ್ಟಿತು. ಕಟ್ಟಿದ್ದಕ್ಕಿಂತ ಉದುರಿದ್ದೇ ಹೆಚ್ಚು. ಮಾರನೆಯ ದಿನ ಗಿಳಿಗೆ ಮಾತು ಕಲಿಸುವ ಪಾಠ. "ಮಾತಾಡು" ಎಂದು ನಾಯಕ ಗದರಿದ. ಗಿಳಿ ಬೆನ್ನು ತಿರುಗಿಸಿ ಕೂತಿತು.

"ಗದರಿದರೆ ಯಾರು ತಾನೇ ಮಾತಾಡುತ್ತಾರೆ?"

ಬಾಗಿಲಲ್ಲಿ ಬಂಗಾರವ್ವ ನಗುತ್ತ ನಿಂತಿದ್ದಳು. ನಾಯಕ ಗಿಳಿಯನ್ನು ಬಿಟ್ಟು ಅವಳತ್ತ ತಿರುಗಿದ. ಆಮೇಲೆ, ಜನ್ಮದಲ್ಲಿ ಮೊದಲ ಸಲ, ಮೆತ್ತಗೆ ಕೇಳಿದ: "ಹಾಗಾದರೆ ಹೇಗೆ, ನೀನೇ ಕಲಿಸು."

ಸಂಜೆಯವರೆಗೂ ಇಬ್ಬರೂ ಗಿಳಿಯ ಮುಂದೆಯೇ ಕೂತಿದ್ದರು. ಗುಮಾಸ್ತ ಹೊಸ್ತಿಲಾಚೆಯಿಂದ ಕೆಮ್ಮಿದ. "ಕಡೆಯ ಓಲೆಗಳನ್ನು ತರಲಾ ಬುದ್ಧೀ?"

"ಹೋಗಯ್ಯ, ಈಗ ಅವು ಯಾರಿಗೆ ಬೇಕು?"

'ಗೆದ್ದಲಿಗೆ ಬೇಕಿತ್ತು' ಎಂದುಕೊಂಡು ಗುಮಾಸ್ತ ಎಣ್ಣೆ ಬಟ್ಟಲು ಹುಡುಕಲು ಓಡಿದ.